ಗಾಳಿ, ಗಾಲಿ

ಹುಬ್ಬಳ್ಳಿ ಗೋಕುಲ ರೋಡಿನ ಶೋರೂಮಿನಾಗ
ಮುಖ ಕಾಣೂ ಹಂಗ ಒರಸಿದ ಫರಸಿ ಮ್ಯಾಲೆ
ನಾಕು ಗಾಡಿ ನಿಂತಿದ್ದವು, ದಪ್ಪ ಗಾಲಿ, ಗಿಡ್ಡ ಮೈ,
ಹಾಲುಂಡ ಎಮ್ಮಿಕರದಂಗ.
ಸೇಲ್ಸಿನ ಹುಡುಗ ಸ್ಪೀಡಿನ ಮಾತು ಹೇಳತಿದ್ದ,
ಇಂಜಿನಿಯರ್ ತೇಜಸ್ವಿನಿ ಹೊಂಬಳ ಬರಕೋತ ಇದ್ಲು.
ನಾ ಕುಕ್ಕರಗಾಲಿಲೆ ಕುಂತು ಹೊಟ್ಟಿ ಕೆಳಗ ಕೈ ಹಾಕಿ ಅಳದೆ:
ನೆಲದಿಂದ ಒಂದು ಗೇಣು, ಮ್ಯಾಲೆ ನಾಕು ಬೆರಳು.
"ತಮ್ಮಾ, ಎರಿ ಭೂಮಿಗೆ ಇಳಿಸೀಯೇನು ಇದನ್ನ?"
"ಗೋವಾದ ಉಸುಕಿನಾಗ ಹಾರಾಡತೈತ್ರಿ ಸರ್."
ಉಸುಕು ಕಾಲು ಹಿಡಿಯೂದಿಲ್ಲ. ಎರಿ ಹಿಡಿತೈತಿ,
ಉಂಡು ಹೋಗ್ರಿ ಅನ್ನೂ ಬೀಗರಂಗ ಬಿಡೂದಿಲ್ಲ.

ಹಿಂದಿನ ಎರಡೇ ಗಾಲಿ ದುಡಿಯೂದು ಅಗ್ಗ ಇತ್ತು.
ಇನ್ನೊಂದರ ಬಣ್ಣ ಜೋರು, ಲೈಟು ಇನ್ನೂ ಜೋರು.
ನಾ ಕಡೀಕ ನಿಂತಿದ್ದ ಮಬ್ಬು ಹಸರಿಂದರ ಕಡೆ ಕೈ ಮಾಡಿದೆ:
ನಾಕೂ ಗಾಲಿ ಎಳಿತಾವು, ಮುಂದ ವಿಂಚ್ ಐತಿ,
ಬ್ಯಾಟರಿ ಸೀಟಿನ ಕೆಳಗ, ಕೈಗೆ ಸಿಗತೈತಿ.
ಮುತ್ಯಾ ಹೇಳತಿದ್ದ, ಕರಕಿ ಕೀಳಾಕ
ನಾಕೆತ್ತಿನ ನೇಗಿಲಾ ಬೇಕು, ಎರಡಕ್ಕ ಅದು ಬಗ್ಗೂದಿಲ್ಲ ಅಂತ.
ಮೇಡಂಗ ಅದನ್ನ ಹೇಳಲಿಲ್ಲ.
"ಟಾರ್ಕು" ಅಂದೆ.

ಈಗ ಮಾಗಿ. ಡೋಣಿ ದಾಟಿ ಕಪ್ಪತಗುಡ್ಡದ ಬೆನ್ನು ಹತ್ತಿದರ
ಬೆಳಗಿನ ಐದೂವರಿ ಚಳಿ
ಹಲ್ಲಿನಾಗ ಹೊಕ್ಕು ಮಾತಾಡತೈತಿ.
ಕೀಲಿ ತಿರುವಿದ ಕೂಡಲೇ ಓಡೂದಿಲ್ಲ ಇದು.
ಎರಡು ಸಲ ಕೆಮ್ಮತೈತಿ, ಸುಮ್ಮನಾಗತೈತಿ,
ಮೂರನೇದಕ್ಕ ಒಪ್ಪತೈತಿ.
ಒಪ್ಪಿದ ಮ್ಯಾಲೂ ಒಂದು ಚಹಾ ಕುಡಿಯೂವಷ್ಟು ಹೊತ್ತು
ನಿಂತಲ್ಲೇ ಗುರ್ ಅನ್ನಾಕ ಬಿಡಬೇಕು,
ಎಣ್ಣಿ ಬೆಚ್ಚಗಾಗಿ ಮೈತುಂಬ ಇಳಿಬೇಕು.
ಅಷ್ಟರಾಗ ಕಾವಲಿನ ಫಕ್ಕೀರಪ್ಪನ ನಾಯಿ ಬಂದು
ಇಂಜಿನ್ನಿಗೆ ಬೆನ್ನು ಕೊಟ್ಟು ಕುಂತಿರತೈತಿ.
ಹೊರಡೂವಾಗ ನನ್ನ ಮಾರಿ ನೋಡತೈತಿ,
ಹಾಸಗಿ ಕಸಗೊಂಡವನ್ನ ನೋಡಿದಂಗ.

ಗಾಲಿಯೊಳಗಿನ ಗಾಳಿ ಒಂಚೂರು ಬಿಡತೀನಿ.
ಕಲ್ಲಿಗೆ ಬ್ಯಾರೆ, ಎರಿಗೆ ಬ್ಯಾರೆ. ಮೆತ್ತಗಾದ ಗಾಲಿ
ರೊಟ್ಟಿ ಬಡಿಯೂ ಅಂಗೈಯಂಗ ಅಗಲಾಗಿ ನೆಲ ಹಿಡಿತೈತಿ.
ತಲಿ ಮ್ಯಾಲೆ ಎಂಬತ್ತು ಮೀಟರ್ ಕಂಬ,
ಮಂಜಿನಾಗ ರೆಕ್ಕಿ ಕಾಣೂದಿಲ್ಲ, ಬರೇ ಸಪ್ಪಳ.
ಗಾಳಿ ಹಿಡದು ಮಾರೂ ಕಂಪನಿಯಾಗ
ಗಾಳಿ ಬಿಟ್ಟು ಬದುಕೂ ನೌಕರಿ ನಂದು.

ಸೈಕ್ಲೋನಿನ ಮಳಿ ಹೊಡದ ಮರುದಿನ
ಹದಿನೇಳನೇ ಕಂಬ ನಿಂತುಬಿಟ್ಟಿತ್ತು.
ಬಿಳಿಜೋಳದ ಬದು ಹಿಡದು ಹೊಂಟಿದ್ದೆ,
ಎರಡೇ ಗಾಲಿ ಮ್ಯಾಲೆ; ಪೆಟ್ರೋಲ್ ಉಳಿಸೂ ಶಾಣ್ಯಾತನ.
ಕುಸುಬಿ ಸಾಲಿನ ಪಕ್ಕ ಹಿಂದಿನವು ಎರಡೂ
ತಿರುಗಿ ತಿರುಗಿ ಇಳದವು, ಅಂಬಲಿಯಾಗ ಹುಟ್ಟು ಇಳದಂಗ.
ಆಮ್ಯಾಲೆ ನಾಕಕ್ಕ ಹಾಕಿದೆ.
ನಾಕೂ ಇಳದವು.
ಗ್ಯಾರೇಜಿನ ಮರ್ದಾನಸಾಬ ಫೋನಿನಾಗ ನಕ್ಕ:
"ಸಿಕ್ಕ ಮ್ಯಾಲೆ ಹಾಕೂದಲ್ಲೋ ದ್ಯಾಮಣ್ಣ,
ಸಿಗೂಕಿಂತ ಮದಲ ಹಾಕೂದು."
ವಿಂಚಿಗೆ ಒಂದು ಗಿಡ ಬೇಕು. ಇದ್ದದ್ದು ಒಂದು ಜಾಲಿ,
ಹಗ್ಗ ಮುಗಿದ ಮ್ಯಾಲೆ ಇನ್ನೂ ಹತ್ತು ಮಾರು ದೂರ.
ಮೇಡಂ ಬ್ಯಾಗಿನಿಂದ ತನ್ನ ಹಗ್ಗ ತಗದ್ಲು,
ಕಂಬ ಏರೂವಾಗ ಜೀವ ಕಟ್ಟಿಕೊಳ್ಳೂ ಹಗ್ಗ,
ಜಾಲಿಗೊಂದು ಗಂಟು, ವಿಂಚಿಗೊಂದು.
ಗಾಡಿ ಎದ್ದಿತು, ಹಲ್ಲು ಕಿತ್ತ ಸಪ್ಪಳ ಮಾಡಿ.
ಹಗ್ಗ ಮುಟ್ಟಿ ನೋಡಿ ಅಂದ್ಲು,
"ಇದರ ಮ್ಯಾಲೆ ಇನ್ನ ಏರಾಕ ಬರೂದಿಲ್ಲ."
ಅವತ್ತು ಹದಿನೇಳು ನಿಂತಾ ಇತ್ತು.

ಇದರ ಎಕ್ಸಲೇಟರು ಹೆಬ್ಬೆಟ್ಟಿನಾಗ ಐತಿ.
ಅಪ್ಪ ಹೆಬ್ಬೆಟ್ಟು ಒತ್ತಿದ ಮನಷ್ಯಾ. ಅಂಚೆ ಆಫೀಸಿನಾಗ
ಮಂದಿ ನಕ್ಕರ, ನೀಲಿ ಮಸಿ ಧೋತರಕ್ಕ ಒರಸತಿದ್ದ.
ನನ್ನ ಸಾಲಿಗೆ ಹಚ್ಚಿದ, ಇವನರ ಹೆಬ್ಬೆಟ್ಟು ಆಗಬಾರದಂತ.
ಐಟಿಐ ಸರ್ಟಿಫಿಕೇಟು ಐತಿ, ಸಹಿಗೆ ಬಾಲ ಬಿಡತೀನಿ,
ಪಗಾರ ಮಾತ್ರ ಹೆಬ್ಬೆಟ್ಟು ಒತ್ತಿದರ ಬರತೈತಿ.
ಚಳಿಗೆ ಮದಲ ಸಾಯೂದೂ ಅದಾ.
ಗ್ಲೌಸು ಹಾಕಿದರ ಒತ್ತಿದ್ದು ತಿಳಿಯೂದಿಲ್ಲ,
ತಗದರ ಬೆರಳಾ ತಿಳಿಯೂದಿಲ್ಲ.

ಬದುವಿನ ಮ್ಯಾಲೆ ಇಂಜಿನ್ ಬಂದ್ ಮಾಡದ ನಿಂತೆ.
ಮಂಜು ಹರೀತು. ಕುರಿ ಹಿಂಡಿನ ಹುಡುಗ
ಕಂಬಳಿ ಕೊಪ್ಪಿಯೊಳಗಿಂದ ಇಣಕಿ ನೋಡಿದ:
ನಲವತ್ತೆರಡರ ಗಂಡಸು, ಮೀಸಿ ತುಂಬ ಇಬ್ಬನಿ,
ಮೊಳಕಾಲ ಮಟ ಎರಿ,
ಹೊಸಾ ಗಾಡಿ ಮ್ಯಾಲೆ ಕುಂತು
ಹೆಬ್ಬೆಟ್ಟು ಚೀಪಾಕ ಹತ್ಯಾನ.